ಟೈಲರಮ್ಮನ ಕಾರಿಗೆ ಮೇಷ್ಟ್ರು ಆರಿಸಿದ ಎಣ್ಣೆ

ಎದುರಿಗೆ ಎಲ್ಲರೂ ಅವರನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರ ಅವರು ಗ್ರೇಡ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆಗಿ ಕೆಲವು ವರ್ಷಗಳೇ ಕಳೆದಿದ್ದವು, ಆದರೆ ಹುಣಸೆ ಮರ ಮುಪ್ಪಾದರೆ ಹುಳಿಗೆ ಮುಪ್ಪೇ? ಕ್ಷೌರದವನ ಕತ್ತರಿ ಕೆಲಸಕ್ಕೆ ಬಿ. ಪೇಪರ್ ಹಾಕುವವನಿಗೆ, ಪೇಪರು ಮೆಟ್ಟಿಲ ಮೇಲೆ ಬಿದ್ದರೆ ಬಿ, ಹೂಕುಂಡದಲ್ಲಿ ಬಿದ್ದರೆ ಸಿ. ದಂತವೈದ್ಯೆ ಹಲ್ಲು ಕಿತ್ತ ದಿನ ಬಾಯಿ ತುಂಬ ಹತ್ತಿ ಇದ್ದುದರಿಂದ ಮಾತಾಡಲು ಆಗಲಿಲ್ಲ, ಹಾಗೆಂದು ಸುಮ್ಮನೆ ಬರುವ ಜಾಯಮಾನವೇ ಅವರದು? ಗಾಳಿಯಲ್ಲಿ ಬೆರಳಾಡಿಸಿ ‘ಬಿ ಪ್ಲಸ್’ ಎಂದು ಬರೆದು ತೋರಿಸಿಯೇ ಕುರ್ಚಿಯಿಂದ ಇಳಿದರು. ಹೊಸದಾಗಿ ಬಂದ ಪಕ್ಕದ ಮನೆಯವರು ಪಾಪ, ಗೊತ್ತಿಲ್ಲದೆ, “ಕಾಫಿ ಹೇಗಿದೆ ಸಾರ್?” ಎಂದು ಕೇಳಿ ಸಿಕ್ಕಿಬಿದ್ದಿದ್ದರು. “ಬಿಸಿಗೆ ಎ ಮೈನಸ್, ಪುಡಿಗೆ ಸಿ, ಒಟ್ಟಾರೆ ಬಿ” ಎಂದು ಉತ್ತರ ಬಂತು. ಆಮೇಲೆ ಆ ಮನೆಯವರು ಕಾಫಿಗೆ ಕರೆದರು, ಆದರೆ ಹೇಗಿದೆ ಎಂದು ಕೇಳಲಿಲ್ಲ.

ಮನುಷ್ಯ ಕೆಟ್ಟವರಲ್ಲ. ಯಾರ ಮನೆಯ ಮಗು ಲೆಕ್ಕದಲ್ಲಿ ಹಿಂದೆ ಬಿದ್ದಿದೆ ಎಂದು ಗೊತ್ತಾದರೂ ಕರೆಯದೇ ಹೋಗಿ ಕೂತು ಹೇಳಿಕೊಡುತ್ತಿದ್ದರು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಟ. ಲೋಕದಲ್ಲಿರುವ ಎಲ್ಲ ವಸ್ತುವೂ ಎ, ಬಿ, ಸಿ, ಡಿ ಎಂಬ ನಾಲ್ಕು ಸಾಲಿನಲ್ಲಿ ಎಲ್ಲಾದರೂ ಒಂದು ಕಡೆ ನಿಲ್ಲಲೇಬೇಕು, ಎ ಎಂದರೆ ಮೇಲು, ಡಿ ಎಂದರೆ ಕೀಳು. ಇದರಲ್ಲಿ ಚರ್ಚೆಗೆ ಏನಿದೆ? ಎದುರು ಮಾತಾಡಲು ಬಂದವರನ್ನು ಮೇಷ್ಟ್ರು “ಕೂತ್ಕೋ” ಎನ್ನುತ್ತಿದ್ದರು. ಆ ಒಂದು ಮಾತಿಗೆ ಮೊಮ್ಮಕ್ಕಳನ್ನು ಕಂಡ ಹಳೇ ಶಿಷ್ಯರೂ ತಟಕ್ಕನೆ ಕೂತುಬಿಡುತ್ತಿದ್ದರು.

ಕೂರದೇ ಇದ್ದವರು ಒಬ್ಬರೇ, ಅವರ ಹೆಂಡತಿ. ಬೀದಿಗೆಲ್ಲ ಅವರು ಟೈಲರಮ್ಮ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು, ನೆಲದ ತುಂಬ ಬಣ್ಣಬಣ್ಣದ ಚೂರು. ಶಾಲೆ ಶುರುವಾಗುವ ತಿಂಗಳಲ್ಲಿ ಊರಿನ ಅರ್ಧ ಮಕ್ಕಳ ಯೂನಿಫಾರಂ ಅಲ್ಲೇ ಹುಟ್ಟುತ್ತಿತ್ತು. ಕತ್ತರಿ ಆಡಿಸುತ್ತಲೇ ಗಂಡನ ಗ್ರೇಡುಗಳನ್ನು ಕೇಳಿಸಿಕೊಂಡು, “ಆಯ್ತು ಬಿಡಿ, ಮುಂದಿನ ಸಲ ಚೆನ್ನಾಗಿ ಓದ್ಕೊಂಡು ಬರ್ತೀನಿ” ಎಂದು ನಕ್ಕು ಬಿಡುವ ಹೆಂಗಸು.

ಐವತ್ತು ದಾಟಿದ ಮೇಲೆ ಟೈಲರಮ್ಮನಿಗೆ ಕಾರು ಓಡಿಸುವ ಹಂಬಲ ಹುಟ್ಟಿತು. ಹುಟ್ಟಿದ್ದೇ ತಡ, ಡ್ರೈವಿಂಗ್ ಸ್ಕೂಲಿಗೆ ಸೇರಿದರು, ಕಲಿತರು, ಲೈಸೆನ್ಸ್ ತಂದರು, ಹೊಲಿದು ಕೂಡಿಟ್ಟ ದುಡ್ಡಿನಲ್ಲಿ ನೀಲಿ ಬಣ್ಣದ ಸಣ್ಣ ಪೆಟ್ರೋಲ್ ಕಾರನ್ನೂ ತಂದು ಬಾಗಿಲಲ್ಲಿ ನಿಲ್ಲಿಸಿದರು. ಮೇಷ್ಟ್ರಿಗೆ ಡ್ರೈವಿಂಗ್ ಬಾರದು. ಒಂದು ಕಾಲದಲ್ಲಿ ಕಲಿಯಲು ಹೋಗಿದ್ದರಂತೆ, ಕಲಿಸುವವನಿಗೇ ಪಾಠ ಮಾಡುವುದು ಹೇಗೆಂದು ಕಲಿಸಲು ಕೂತರಂತೆ, ಅವನು ದುಡ್ಡು ವಾಪಸ್ ಕೊಟ್ಟು ಕೈ ಮುಗಿದನಂತೆ. ಹಾಗಾಗಿ ಮೇಷ್ಟ್ರು ಪಕ್ಕದ ಸೀಟಿನಲ್ಲಿ ಪರೀಕ್ಷಕರಾಗಿ ಕೂರುತ್ತಿದ್ದರು. “ಗೇರ್ ಬದಲಿಸುವಾಗ ಕುಲುಕಿತು, ಬಿ. ಹಾರ್ನ್ ಹೊಡೆದದ್ದು ತಡವಾಯಿತು, ಬಿ ಮೈನಸ್.” ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಒಂದು ಟರ್ಮಿನ ರಿಸಲ್ಟ್ ಬಂದಿರುತ್ತಿತ್ತು.

ಟೈಲರಮ್ಮನಿಗೆ ಒಬ್ಬಳು ಅಕ್ಕ. ಬೆಟ್ಟದ ಮೇಲಿನ ಊರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್. ತಾಯಿ ಬೇಗ ತೀರಿಹೋದ ಮನೆಯಲ್ಲಿ ತಂಗಿಗೆ ತಲೆ ಬಾಚಿ ಬೆಳೆಸಿದವಳು ಈ ಅಕ್ಕನೇ. ಈಗ ಅವಳ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತ ಹುಡುಗಿ ಯಾರೆಂದು ದನಿ ಕೇಳಿದ ಮೇಲಷ್ಟೇ ಗೊತ್ತಾಗುವ ಸ್ಥಿತಿ. ಆಪರೇಷನ್ ಕೆಳಗಿನ ಊರಿನ ಆಸ್ಪತ್ರೆಯಲ್ಲಿ, ಸೋಮವಾರ. “ಬಸ್ಸಿನ ಮೆಟ್ಟಿಲೇ ಕಾಣಲ್ಲ ಕಣೇ” ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ಟೈಲರಮ್ಮ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು: “ನೀನು ಬಸ್ ಹತ್ತಬೇಡ. ಭಾನುವಾರ ನಾನೇ ಕಾರು ತಂದು ನಿನ್ನ ಕರ್ಕೊಂಡು ಬರ್ತೀನಿ.” ಬೆಟ್ಟದ ದಾರಿಯಲ್ಲಿ ಅವರು ಅದುವರೆಗೆ ಕಾರು ಓಡಿಸಿರಲಿಲ್ಲ. ಆ ಮಾತು ಹೇಳಿದ ದಿನದಿಂದ ಹೊಲಿಗೆ ಯಂತ್ರದ ಮುಂದೆ ಕೂತಾಗಲೂ ಅವರ ಎಡಗಾಲು ಕ್ಲಚ್ ತುಳಿಯುತ್ತಿತ್ತು.

ಮೇಷ್ಟ್ರಿಗೂ ಉತ್ಸಾಹ ಬಂತು. “ದೂರದ ದಾರಿ. ಮೊದಲು ಆಯಿಲ್ ಬದಲಾಯಿಸಬೇಕು. ಅದನ್ನು ನನಗೆ ಬಿಡು” ಎಂದರು. ಎಡವಟ್ಟು ಶುರುವಾದದ್ದು ಅಲ್ಲಿಂದ.

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಆಯಿಲ್ ಅಂಗಡಿ. ಬಾಗಿಲಲ್ಲಿ ಫ್ಯಾನ್ ಬೆಲ್ಟುಗಳು ನೇತಾಡುತ್ತವೆ, ಒಳಗೆ ಸೂರಿನವರೆಗೂ ಡಬ್ಬಿಗಳು. ಮಾಲೀಕ ಮೇಷ್ಟ್ರ ಹಳೇ ಶಿಷ್ಯ, ಓದುವ ಕಾಲದಲ್ಲಿ ಗೋಡೆಗೆ ಒರಗಿ ನಿದ್ದೆ ಮಾಡಲು ಅನುಕೂಲವೆಂದು ಕೊನೆಯ ಬೆಂಚನ್ನೇ ಹಿಡಿದಿದ್ದವನು. ಇವತ್ತಿಗೂ ಅವನ ಹೆಸರು ಕೊನೇಬೆಂಚು. ಈಗ ತಲೆ ಬೋಳಾಗಿದೆ, ಹೊಟ್ಟೆ ಬಂದಿದೆ, ಆದರೂ ಮೇಷ್ಟ್ರನ್ನು ಕಂಡೊಡನೆ ಸ್ಟೂಲಿನಿಂದ ಎದ್ದು ನಿಂತ.

“ಕೂತ್ಕೋ. ಕಾರಿಗೆ ಆಯಿಲ್ ಕೊಡು, ಒಳ್ಳೇದು.”

“ಯಾವ ಕಾರು ಸಾರ್?”

“ನೀಲಿ ಬಣ್ಣದ್ದು.”

ಕೊನೇಬೆಂಚು ನಗು ನುಂಗಿಕೊಂಡು, ಟೈಲರಮ್ಮನ ಕಾರನ್ನು ನೆನಪು ಮಾಡಿಕೊಂಡು, ಮೇಲಿನ ಹಲಗೆಯಿಂದ ಒಂದು ಡಬ್ಬಿ ಇಳಿಸಿದ. ಮೇಷ್ಟ್ರು ಕನ್ನಡಕ ಏರಿಸಿ ಡಬ್ಬಿಯ ಬೆನ್ನು ತಿರುಗಿಸಿದರು. ಅಲ್ಲೊಂದು ಬಳೆಯಂಥ ದುಂಡನೆಯ ಗುರುತು. ಅದರ ಮೇಲ್ಭಾಗದಲ್ಲಿ ಎಸ್-ಪಿ ಎಂಬ ಎರಡು ಅಕ್ಷರ, ನಡುವೆ ಏನೋ ಅಂಕಿ.

“ಏನೋ ಇದು, ಪಿ?”

“ಕ್ವಾಲಿಟಿ ತೋರ್ಸೋ ಅಕ್ಷರ ಸಾರ್.”

“ಕ್ವಾಲಿಟಿ ಪಿ ನಾ?” ಮೇಷ್ಟ್ರ ಹುಬ್ಬು ನೆತ್ತಿಗೇರಿತು. “ಎ, ಬಿ, ಸಿ, ಡಿ... ಪಿ ಎಷ್ಟು ಕೆಳಗಿದೆ ಗೊತ್ತೇನೋ? ನನ್ನ ಸರ್ವೀಸಲ್ಲಿ ಎಂಥ ದಡ್ಡನಿಗೂ ನಾನು ಪಿ ಕೊಟ್ಟವನಲ್ಲ. ನಿನ್ನನ್ನೂ ಡಿ ಗೆ ನಿಲ್ಲಿಸಿದ್ದೆ!”

“ಹಾಗಲ್ಲ ಸಾರ್, ಅದು...”

“ಕೂತ್ಕೋ.”

ಕೂತ. ಮೇಷ್ಟ್ರು ತಾವೇ ಹುಡುಕತೊಡಗಿದರು. ಪಕ್ಕದ ಡಬ್ಬಿಯಲ್ಲಿ ಎಸ್-ಎನ್ ಸಿಕ್ಕಿತು. “ಇದು ವಾಸಿ.” ಅದರ ಕೆಳಗೆ ಎಸ್-ಎಲ್. “ಇನ್ನೂ ವಾಸಿ.” ಇನ್ನೂ ಕೆಳಗೆ, ಧೂಳು ಹಿಡಿದ ಹಲಗೆಯಲ್ಲಿ ಎಸ್-ಎಫ್. “ನೋಡು ನೋಡು, ಒಳ್ಳೇ ಸರಕನ್ನೆಲ್ಲ ಕೆಳಗೆ ಬಚ್ಚಿಟ್ಟಿದ್ದೀಯ, ಕಳ್ಳ!” ಕೊನೆಗೆ ಗ್ರೀಸ್ ಡಬ್ಬಗಳ ಹಿಂದೆ, ಮೂಲೆಯಲ್ಲಿ, ಜೇಡರ ಬಲೆಯ ಮರೆಯಲ್ಲಿ ಮೇಷ್ಟ್ರಿಗೆ ಅವರ ನಿಧಿ ಸಿಕ್ಕಿತು. ಎಸ್-ಎ!

“ಸಾರ್, ಅದನ್ನ ಜನ ಗೇಟಿನ ಕೀಲಿಗೆ ಹಾಕ್ತಾರೆ. ಅಂಗಡಿ ಷಟರ್‌ಗೆ...”

“ಎ ಗ್ರೇಡ್ ಎಣ್ಣೇನ ಗೇಟಿಗೆ ಹಾಕ್ತಾರಾ! ಜನಕ್ಕೆ ಯಾವುದರ ಬೆಲೇನೂ ಗೊತ್ತಿಲ್ಲ ಬಿಡು. ಎಷ್ಟು ಇದಕ್ಕೆ?”

ಎಲ್ಲಕ್ಕಿಂತ ಅಗ್ಗ. ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು. ಕೊನೇಬೆಂಚು ಒಮ್ಮೆ ಬಾಯಿ ತೆರೆದ. ಈ ಮೇಷ್ಟ್ರ ಎದುರು ಬಾಯಿ ತೆರೆದಾಗಲೆಲ್ಲ ಬೆಂಚಿನ ಮೇಲೆ ನಿಂತದ್ದು ನೆನಪಾಗಿ ಮುಚ್ಚಿಕೊಂಡ. ಗೇಟಿಗೇ ಒಯ್ಯುತ್ತಾರೇನೋ, ತಮಾಷೆಗೆ ಹೇಳುತ್ತಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಗ್ಯಾರೇಜಿನ ಮೆಕ್ಯಾನಿಕ್ ಡಬ್ಬಿಯ ಮೇಲಿನ ಅಕ್ಷರ ಓದುವ ಗೋಜಿಗೆ ಹೋಗುವವನಲ್ಲ. ಅವನದು ಬೆರಳಿನ ಪರೀಕ್ಷೆ. ಒಂದು ತೊಟ್ಟು ಎಣ್ಣೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎಳೆದು, ಕಣ್ಣು ಅರೆಮುಚ್ಚಿ, “ಆಹಾ! ಜೇನುತುಪ್ಪ ಇದ್ದಂಗಿದೆ ಮೇಷ್ಟ್ರೇ. ಎಣ್ಣೆ ಗಟ್ಟಿ ಇದ್ರೆ ಎಂಜಿನ್ ಗಟ್ಟಿ” ಎಂದ. ಒಬ್ಬರು ಅಕ್ಷರ ನೋಡಿ ಪಾಸ್ ಮಾಡಿದರು, ಇನ್ನೊಬ್ಬ ಬೆರಳಲ್ಲಿ ಪಾಸ್ ಮಾಡಿದ. ಇಬ್ಬರು ಪಂಡಿತರು ಒಪ್ಪಿದ ಮೇಲೆ ಎಂಜಿನ್ನಿನ ಮಾತು ಕೇಳುವವರು ಯಾರು? ಹಳೆಯ ಎಣ್ಣೆ ಹೊರಗೆ ಹೋಯಿತು, ಎ ದರ್ಜೆಯ ಎಣ್ಣೆ ಗಳಗಳನೆ ಒಳಗೆ ಇಳಿಯಿತು.

ಅವತ್ತು ಸಂಜೆ ಟೈಲರಮ್ಮ ಅಕ್ಕನಿಗೆ ಫೋನಿನಲ್ಲಿ, “ಇವರೇ ನಿಂತು ಆಯಿಲ್ ಬದಲಾಯಿಸಿದ್ದಾರೆ ಕಣೇ, ಊರಿಗೆಲ್ಲ ಒಳ್ಳೇ ಎಣ್ಣೆ ಹುಡುಕಿ ತಂದು” ಎಂದು ಹೇಳುವುದನ್ನು ಮೇಷ್ಟ್ರು ಕೋಣೆಯಾಚೆಯಿಂದ ಕೇಳಿಸಿಕೊಂಡರು. ಹಾಲು ಕುಡಿದಷ್ಟು ಸಂತೋಷವಾಯಿತು.

ಶನಿವಾರ ಮಧ್ಯಾಹ್ನ. ಹೊರಡಲು ಒಂದೇ ದಿನ ಬಾಕಿ. ಟೈಲರಮ್ಮ ಒಳಗೆ ಅಕ್ಕನಿಗೆಂದು ಮುಂದೆ ಗುಂಡಿ ಇರುವ ಸಡಿಲ ರವಿಕೆ ಹೊಲಿಯುತ್ತಿದ್ದರು, ಆಪರೇಷನ್ ಆದ ಮೇಲೆ ತಲೆಯ ಮೇಲಿಂದ ಬಟ್ಟೆ ಎಳೆಯಬಾರದಲ್ಲ, ಅದಕ್ಕೆ. ಮೇಷ್ಟ್ರು ಹಿತ್ತಲಿನಲ್ಲಿ ಕೂತು ಆ ಖಾಲಿ ಆಯಿಲ್ ಡಬ್ಬಿಯನ್ನು ಕತ್ತರಿಸಿ ಗಿಡಕ್ಕೆ ನೀರು ಹಾಕುವ ಚೊಂಬು ಮಾಡುತ್ತಿದ್ದರು. ಚಾಕು ಬೆನ್ನಿನ ಕಡೆ ಬಂದಾಗ, ದುಂಡು ಗುರುತಿನ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳು ಕಂಡವು. ಓದುವ ಚಟ ಬಿಡುತ್ತದೆಯೇ? ಕನ್ನಡಕ ಸರಿಮಾಡಿಕೊಂಡು ಓದಿದರು.

ಎಚ್ಚರಿಕೆ, 1930ರ ನಂತರ ತಯಾರಾದ ಹೆಚ್ಚಿನ ಪೆಟ್ರೋಲ್ ಎಂಜಿನ್‌ಗಳಿಗೆ ಈ ಎಣ್ಣೆ ಸೂಕ್ತವಲ್ಲ.

ಮೇಷ್ಟ್ರು ಚಾಕು ಕೆಳಗಿಟ್ಟರು. ಇನ್ನೊಮ್ಮೆ ಓದಿದರು. ಡಬ್ಬಿಯನ್ನು ಬಿಸಿಲಿಗೆ ಹಿಡಿದು ಓದಿದರು. ಅಕ್ಷರ ಬದಲಾಗಲಿಲ್ಲ. ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆದ ಎಷ್ಟು ಹುಡುಗರ ಕಿವಿ ಹಿಂಡಿದ್ದರೋ ಆ ಕೈ, ತಾನಾಗಿಯೇ ಅವರ ಸ್ವಂತ ಕಿವಿಯ ಹತ್ತಿರ ಹೋಯಿತು. ಟೈಲರಮ್ಮನ ಕಾರು ಹುಟ್ಟಿದ್ದು ಮೊನ್ನೆ ಮೊನ್ನೆ. ಅದರ ಹೊಟ್ಟೆಯಲ್ಲಿ ಈಗ ಇರುವುದು ಮುತ್ತಜ್ಜನ ಕಾಲದ ಎಣ್ಣೆ.

ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಅಂಗಡಿಗೆ ಓಡಿದರು.

ಕೊನೇಬೆಂಚು ಎದ್ದು ನಿಂತ. ಮೇಷ್ಟ್ರು ಕೂತ್ಕೋ ಎನ್ನಲಿಲ್ಲ, ತಾವೇ ಧೊಪ್ಪನೆ ಸ್ಟೂಲಿನ ಮೇಲೆ ಕೂತರು. “ಕಾರಿಗೆ ಹಾಕಿಸ್ಬಿಟ್ಟೆ ಕಣೋ.”

“ಅಯ್ಯಯ್ಯೋ! ಯಾವ್ದನ್ನ ಸಾರ್, ಗೇಟಿನ ಎಣ್ಣೇನಾ?”

“ನೀನು ಅವತ್ತೇ ಯಾಕೆ ಹೇಳ್ಲಿಲ್ಲ?”

“ಹೇಳೋಕೆ ಬಂದೆ ಸಾರ್. ಎರಡು ಸಲ ಬಂದೆ.” ಮುಂದಿನ ಮಾತನ್ನು ಅವನು ಮರ್ಯಾದೆಗೆ ಹೇಳಲಿಲ್ಲ. ಮೇಷ್ಟ್ರಿಗೂ ಹೇಳಿಸಿಕೊಳ್ಳುವ ಅಗತ್ಯ ಬೀಳಲಿಲ್ಲ.

ಇಬ್ಬರೂ ಸೇರಿ ಡಬ್ಬಿಗಳನ್ನೆಲ್ಲ ನೆಲಕ್ಕಿಳಿಸಿದರು. ಮೇಷ್ಟ್ರು ಅವನ್ನು ಪ್ರಾರ್ಥನೆಗೆ ನಿಲ್ಲಿಸುವ ಮಕ್ಕಳಂತೆ ಅಕ್ಷರದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರು. ಎಫ್, ಜಿ, ಎಚ್, ಜೆ, ಎಲ್, ಎಂ, ಎನ್, ಪಿ. “ಐ ಎಲ್ಲೋ? ಕೆ ಎಲ್ಲಿ? ಓ?”

“ಅವು ಇಲ್ವೇ ಇಲ್ಲ ಸಾರ್. ಕಂಪೆನಿಯೋರು ಆ ಅಕ್ಷರ ಬಿಟ್ಟೇ ಮುಂದೆ ಹೋಗ್ತಾರೆ.”

“ಮುಂದೆ ಹೋಗ್ತಾರೆ ಅಂದ್ರೆ?”

“ಹೊಸ ಥರದ ಎಂಜಿನ್ ಬರುತ್ತೆ, ಹಳೇ ಎಣ್ಣೆ ಸಾಲಲ್ಲ, ಪರೀಕ್ಷೆ ಬಿಗಿ ಮಾಡ್ತಾರೆ. ಪಾಸಾದ ಎಣ್ಣೆಗೆ ಮುಂದಿನ ಅಕ್ಷರ. ಆಮೇಲೆ ಇನ್ನೂ ಹೊಸ ಎಂಜಿನ್, ಇನ್ನೂ ಮುಂದಿನ ಅಕ್ಷರ. ಸೇಲ್ಸ್‌ನೋರು ಬಂದಾಗ ಹಂಗೇ ಹೇಳಿದ್ರು.”

ಮೇಷ್ಟ್ರು ಸಾಲಿನ ಉದ್ದಕ್ಕೂ ಕಣ್ಣಾಡಿಸಿದರು. ತೊಡೆ ತಟ್ಟಿಕೊಂಡರು. “ಅಯ್ಯೋ ದಡ್ಡ!” ಕೊನೇಬೆಂಚು ಅಭ್ಯಾಸಬಲದಿಂದ ತಲೆ ತಗ್ಗಿಸಿದ. “ನೀನಲ್ಲ ಕಣೋ, ನಾನು. ಇವು ಮಾರ್ಕ್ಸ್ ಅಲ್ಲ! ಕ್ಲಾಸು! ಎ ಅಂದ್ರೆ ಒಂದನೇ ಕ್ಲಾಸು. ಬರೀ ಎಣ್ಣೆ, ಅದಕ್ಕೆ ಯಾರೂ ಏನೂ ಕಲಿಸಿಲ್ಲ. ಪಿ ಅಂದ್ರೆ ಅಷ್ಟೂ ಕ್ಲಾಸು ಪಾಸಾಗಿ ಬಂದದ್ದು. ಹೌದಾ? ಹಾಗಾದ್ರೆ ಪಿ ಕಲಿತದ್ದು ಎಲ್ ಬೇಕಾದ ಹಳೇ ಕಾರಲ್ಲೂ ಕೆಲಸ ಮಾಡುತ್ತೆ.”

“ಮಾಡುತ್ತೆ ಸಾರ್.”

“ದೊಡ್ಡ ಕ್ಲಾಸಿನೋನು ಚಿಕ್ಕ ಕ್ಲಾಸಿನ ಲೆಕ್ಕ ಮಾಡ್ತಾನೆ. ಒಂದನೇ ಕ್ಲಾಸಿನ ಕೂಸನ್ನ ತಗೊಂಡ್ಹೋಗಿ ಪಬ್ಲಿಕ್ ಪರೀಕ್ಷೆಗೆ ಕೂರಿಸಿದ್ರೆ?”

ಕೂರಿಸಿಯಾಗಿತ್ತಲ್ಲ.

ಗಣಿತದ ಮೇಷ್ಟ್ರು, ಅಂಕಿ ಬಿಡುತ್ತಾರೆಯೇ? ಗುರುತಿನ ನಡುವಿನ 5W-30 ಏನೆಂದು ಕೇಳಿದರು. ಅದು ಎಣ್ಣೆಯ ತೆಳು-ದಪ್ಪ ಹೇಳುವ ಅಂಕಿ ಎಂದು ಕೊನೇಬೆಂಚು ವಿವರಿಸಿದ. ಮೊದಲನೆಯದು ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು ಎಂಜಿನ್ ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ, ಕಾರಿನ ಪುಸ್ತಕ ಹೇಳಿದ ಅಂಕಿಯನ್ನೇ ಹಾಕಬೇಕು. ಅಕ್ಷರದ ಮೊದಲಿನ ಎಸ್ ಪೆಟ್ರೋಲ್ ಗಾಡಿಗಳ ಗುರುತು, ಡೀಸೆಲ್ ಲಾರಿಗಳಿಗೆ ಅಲ್ಲಿ ಸಿ ಇರುತ್ತದೆ. “ಅಂದ್ರೆ ನಮ್ಮ ಮೆಕ್ಯಾನಿಕ್ಕಿನ ಜೇನುತುಪ್ಪದ ಪರೀಕ್ಷೆನೂ ಫೇಲು” ಎಂದರು ಮೇಷ್ಟ್ರು, ತಮ್ಮ ಜೊತೆಗೆ ಇನ್ನೊಬ್ಬ ಸಿಕ್ಕ ಸಮಾಧಾನದಲ್ಲಿ.

“ಈಗ ಏನಾಗುತ್ತೋ ಕಾರಿಗೆ?”

“ಇಲ್ಲೇ ಮಾರ್ಕೆಟ್ಟಿಗೆ ಹೋಗಿ ಬಂದಿದ್ರೆ ಏನೂ ಆಗಿರಲ್ಲ ಸಾರ್. ಆದ್ರೆ ಬೆಟ್ಟ ಹತ್ತೋದು, ಎಂಜಿನ್ ಕಾಯುತ್ತೆ, ಅದು ಟರ್ಬೋ ಗಾಡಿ ಬೇರೆ. ಒಳಗೆಲ್ಲ ಉಜ್ಜಿ ಹೋಗುತ್ತೆ.” ಅವನು ತಲೆ ಕೆರೆದುಕೊಂಡ. “ನಮ್ಮಕ್ಕ ಆಗಿದ್ರೆ ನಾನು ಕಳಿಸ್ತಿರಲಿಲ್ಲ.”

ಎಸ್-ಪಿ ಡಬ್ಬಿ ಕಂಕುಳಿಗೆ ಸಿಕ್ಕಿಸಿಕೊಂಡು ಮೇಷ್ಟ್ರು ಗ್ಯಾರೇಜಿಗೆ ಬಂದರೆ ಬಾಗಿಲು ಹಾಕಿತ್ತು. ಫೋನ್ ಮಾಡಿದರು. ಮೆಕ್ಯಾನಿಕ್ ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಿದ್ದ, ಭಾನುವಾರ ಬಿಸಿಲೇರಿದ ಮೇಲೆ ಬರುತ್ತೇನೆಂದ. ಟೈಲರಮ್ಮ ಹೊರಡುವುದು ಬೆಳಕು ಹರಿಯುವಾಗ. ಇನ್ನೊಂದು ಗ್ಯಾರೇಜ್ ತೆರೆದೇ ಇತ್ತು, ಆದರೆ ಅಲ್ಲಿಯವನ ಬಾಯಿಗೆ ಈ ಸುದ್ದಿ ಬಿದ್ದರೆ ಸಂಜೆಯೊಳಗೆ ಊರೆಲ್ಲ ಡಂಗುರ. ಗ್ರೇಡ್ ಮೇಷ್ಟ್ರು ಕಾರಿಗೆ ಗೇಟಿನ ಎಣ್ಣೆ ಹಾಕಿಸಿದರಂತೆ! ಬೇಡಪ್ಪ ಬೇಡ. ಹೇಗಾದರೂ ಮಾಡಿ ಹೆಂಡತಿಯನ್ನು ಅರ್ಧ ದಿನ ತಡೆದರೆ ಸಾಕು, ಅಷ್ಟರಲ್ಲಿ ಮೆಕ್ಯಾನಿಕ್ ಬರುತ್ತಾನೆ, ಗುಟ್ಟಾಗಿ ಬದಲಾಯಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಡಬ್ಬಿಯನ್ನು ಬಚ್ಚಲಿನ ಬಕೆಟ್ಟಿನ ಹಿಂದೆ ಅಡಗಿಸಿ ಮುಂದಿನ ಕೋಣೆಗೆ ಬಂದರು.

“ಲೇ ಇವಳೇ, ನಾಳೆ ಮಳೆ ಬರೋ ಹಾಗಿದೆ.”

ಟೈಲರಮ್ಮ ಕಿಟಕಿಯಿಂದ ಇಣುಕಿದರು. ಆಕಾಶ ಇಸ್ತ್ರಿ ಮಾಡಿದ ಹಾಗೆ ಶುಭ್ರವಾಗಿತ್ತು. “ಬರಲಿ ಬಿಡಿ, ವೈಪರ್ ಇದೆ.”

“ನನಗ್ಯಾಕೋ ಮಂಡಿ ನೋವು.”

“ಕಾರಲ್ಲಿ ಕೂತ್ಕೊಂಡು ಬರ್ತೀರಿ ತಾನೇ? ಎಳ್ಕೊಂಡು ಬನ್ನಿ ಅಂತ ಹೇಳಿಲ್ವಲ್ಲ.”

“ಊಟ ಮುಗಿಸಿ ಹೊರಟ್ರೆ?”

“ಮುಗಿಸೋದ್ರೊಳಗೆ ಬಿಸಿಲು ಸುಡುತ್ತೆ. ಅಕ್ಕ ಬಾಗಿಲಲ್ಲಿ ಕಾಯ್ತಾ ನಿಂತಿರ್ತಾಳೆ.” ಟೈಲರಮ್ಮ ತಲೆಯೆತ್ತಿದರು. “ಏನಾಗಿದೆ ನಿಮಗೆ? ಬೆವರ್ತಾ ಇದ್ದೀರಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೇಷ್ಟ್ರು ಹಣೆ ಒರೆಸಿಕೊಂಡರು. ತಲೆಗೆ ಬೇರೇನೂ ಹೊಳೆಯದೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟರು. “ಅಲ್ಲ, ಬಸ್ಸಲ್ಲಿ ಹೋಗಿ ಕರ್ಕೊಂಡು ಬಂದ್ರೆ ಹೇಗೆ?”

ಯಂತ್ರದ ಸದ್ದು ನಿಂತಿತು.

“ಬಸ್ಸಾ?” ಟೈಲರಮ್ಮ ಸೂಜಿಯ ಕೆಳಗಿಂದ ಬಟ್ಟೆ ತೆಗೆದು ಮಡಿಲಲ್ಲಿಟ್ಟುಕೊಂಡರು. “ನೇರವಾಗಿ ಹೇಳ್ರಿ. ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ನನಗೆ ಬೆಟ್ಟ ಹತ್ತಿಸೋಕೆ ಬರಲ್ಲ ಅಂತ ತಾನೇ?”

“ಹಾಗಲ್ಲ...”

“ಮತ್ತೆ ಹೇಗೆ? ದಿನಾ ಬಿ, ಬಿ ಮೈನಸ್ ಅಂತ ಕೊಡ್ತಾ ಇದ್ರಿ. ನಾನು ನಗ್ತಾ ಇದ್ದೆ. ಬಾಯಿಗೆ ಏನಾದ್ರೂ ಅನ್ನಲಿ, ಮನಸ್ಸಲ್ಲಿ ಇವರಿಗೆ ನನ್ನ ಮೇಲೆ ಭರವಸೆ ಇದೆ ಅಂದ್ಕೊಂಡಿದ್ದೆ. ಪಕ್ಕದಲ್ಲಿ ಕೂರ್ತಾರಲ್ಲ, ಭರವಸೆ ಇಲ್ಲದಿದ್ರೆ ಯಾಕೆ ಕೂರ್ತಾರೆ ಅಂತ.” ಅವರು ಮಡಿಲ ಬಟ್ಟೆಯನ್ನು ಮುದ್ದೆ ಮಾಡಿ ಹಿಡಿದರು. “ಈಗ ಅಕ್ಕನ ಕಣ್ಣಿನ ವಿಷಯ ಬಂತು ನೋಡಿ, ಒಳಗೆ ಇದ್ದದ್ದು ಹೊರಗೆ ಬಂತು. ಆಯ್ತು ಬಿಡಿ. ನೀವು ಇಷ್ಟು ಹೆದರಿದ್ದೀರಿ ಅಂದ್ರೆ ನನಗೂ ಕೈ ನಡುಗುತ್ತೆ. ಯಾರಾದ್ರೂ ಟ್ಯಾಕ್ಸಿಯವರನ್ನ ಹಿಡ್ಕೊಂಡು ಬಾ ಅಂತ ಅಕ್ಕನಿಗೆ ಹೇಳ್ಬಿಡ್ತೀನಿ.”

ಫೋನ್ ತೆಗೆದು ಅಕ್ಕನ ನಂಬರ್ ಒತ್ತಿದರು.

ಇಲ್ಲಿ ಮೇಷ್ಟ್ರ ಪರಿಸ್ಥಿತಿ ಸ್ವಲ್ಪ ನೋಡಬೇಕು. ಅವರು ಬಯಸಿದ್ದೇ ಆಗುತ್ತಿತ್ತು. ಕಾರು ಬೆಟ್ಟ ಹತ್ತುವುದಿಲ್ಲ, ಎಂಜಿನ್ನಿಗೆ ಕುತ್ತಿಲ್ಲ, ಅತ್ತಿಗೆ ಹೇಗೂ ಆಸ್ಪತ್ರೆ ತಲುಪುತ್ತಾರೆ, ಗೇಟಿನ ಎಣ್ಣೆಯ ವಿಷಯ ಭೂಮಿಯಲ್ಲಿ ಯಾರಿಗೂ ಗೊತ್ತಾಗದೆ ಹೋಗುತ್ತದೆ. ಬಾಯಿ ಮುಚ್ಚಿಕೊಂಡು ನಿಂತರೆ ಗೆದ್ದ ಹಾಗೆ. ಆದರೆ ಹೆಂಡತಿ ಮಡಿಲಲ್ಲಿದ್ದ ರವಿಕೆಯ ತುದಿಯಿಂದ ಕಣ್ಣೊರೆಸಿಕೊಂಡರು. ಆ ಕಣ್ಣೀರು ಸುಳ್ಳು ಕಾರಣಕ್ಕೆ ಬಂದದ್ದು, ಅದು ಸುಳ್ಳೆಂದು ಗೊತ್ತಿದ್ದವರು ಆ ಮನೆಯಲ್ಲಿ ಅವರೊಬ್ಬರೇ. ಮೇಷ್ಟ್ರಿಗೆ ತಡೆಯಲಾಗಲಿಲ್ಲ.

“ನೀನಲ್ಲ ಕಣೇ!” ಎಂದು ಕಿರುಚಿದರು. “ನಿನ್ನ ಡ್ರೈವಿಂಗ್ ಅಲ್ಲ, ನನ್ನ ಎಣ್ಣೆ! ನಾನು ತಪ್ಪು ಎಣ್ಣೆ ಹಾಕಿಸಿದ್ದೀನಿ! ಎ ಅಂದ್ರೆ ಮೇಲು ಅಂದ್ಕೊಂಡೆ, ಅದು ಎಲ್ಲಕ್ಕಿಂತ ಕೆಳಗಿನದಂತೆ. ಕೊನೇಬೆಂಚು ಹೇಳೋಕೆ ಬಂದ, ನಾನು ಕೇಳಲಿಲ್ಲ. ಆ ಎಣ್ಣೇಲಿ ಬೆಟ್ಟ ಹತ್ತಿದ್ರೆ ಎಂಜಿನ್ ಕೆಟ್ಟು ನೀನು ದಾರೀಲಿ ನಿಲ್ತೀಯ ಅಂತ ನನಗೆ ಜೀವ ಹೋಗ್ತಿದೆ. ನೀನು ಬೆಟ್ಟ ಒಂದೇ ಅಲ್ಲ, ಯಾವುದನ್ನ ಬೇಕಾದ್ರೂ ಹತ್ತಿಸ್ತೀಯ, ನನಗೆ ಗೊತ್ತು!”

ಟೈಲರಮ್ಮನ ಕೈಯಲ್ಲಿದ್ದ ಫೋನಿನಿಂದ ಸಣ್ಣಗೆ ಅಕ್ಕನ ದನಿ ಕೇಳಿತು: “ಹಲೋ? ಏನದು? ಮೇಷ್ಟ್ರು ಫೇಲಾದ್ರಾ?”

ಆ ಮಾತಿಗೆ ಟೈಲರಮ್ಮನಿಗೆ ತಡೆಯಲಾರದ ನಗು ಬಂತು. ಕಣ್ಣಲ್ಲಿ ನೀರಿದ್ದ ಹಾಗೆಯೇ ನಕ್ಕರು, ಯಂತ್ರದ ಮೇಲೆ ತಲೆಯಿಟ್ಟು ನಕ್ಕರು. “ಅಕ್ಕಾ, ನಾಳೆ ಸ್ವಲ್ಪ ತಡ ಆಗುತ್ತೆ, ಆದ್ರೆ ಬರ್ತೀನಿ. ನಾನೇ ಬರ್ತೀನಿ” ಎಂದು ಹೇಳಿ ಫೋನ್ ಇಟ್ಟರು. ಆಮೇಲೆ ಗಂಡನ ಕಡೆ ತಿರುಗಿ, “ಇಷ್ಟೇನಾ?” ಎಂದರು. “ಎಣ್ಣೆ ಬದಲಾಯಿಸಬಹುದು ಕಣ್ರೀ. ಅದಕ್ಕೋಸ್ಕರ ನನ್ನ ಹೊಟ್ಟೆ ಇಷ್ಟು ಉರಿಸಿದ್ರಲ್ಲ!”

ಮೇಷ್ಟ್ರು ಇಂಗು ತಿಂದ ಮಂಗನಂತೆ ನಿಂತಿದ್ದರು.

“ಗೇಟಿಗೆ ಹಾಕೋ ಎಣ್ಣೇನ ನನ್ನ ಕಾರಿಗೆ ಹಾಕಿಸ್ದ್ರಾ?”

“ಹೂಂ.”

“ಒಳ್ಳೇ ಎಣ್ಣೆ ಎಲ್ಲಿದೆ?”

“ಬಚ್ಚಲಲ್ಲಿ.”

ಮತ್ತೆ ನಗು ಶುರುವಾಯಿತು.

ಟೈಲರಮ್ಮ ಮಾಡಿದ ಫೋನಿಗೆ ಮೆಕ್ಯಾನಿಕ್ ಅತ್ತೆ ಮನೆಯ ತಿಂಡಿಯನ್ನೂ ಬಿಟ್ಟು ಬೆಳಿಗ್ಗೆಯೇ ಓಡಿ ಬಂದ. ಅವನ ಮಗಳ ಯೂನಿಫಾರಂ ಇನ್ನೂ ಅವರ ಕೈಯಲ್ಲೇ ಇತ್ತು, ಓಡಿ ಬರದೆ ಏನು ಮಾಡುತ್ತಾನೆ? ಎಂಜಿನ್ ಸ್ವಲ್ಪ ಬೆಚ್ಚಗಾಗಿಸಿ ಆ ಎಣ್ಣೆಯನ್ನೆಲ್ಲ ತಟ್ಟೆಗೆ ಇಳಿಸಿದ, ಫಿಲ್ಟರ್ ಬದಲಾಯಿಸಿದ. ಹೊಸ ಎಣ್ಣೆಯ ತೊಟ್ಟು ಬೆರಳಿಗೆ ಹಚ್ಚಿಕೊಂಡು ಮುಖ ಸಿಂಡರಿಸಿದ. “ಇದೇನು ಮೇಷ್ಟ್ರೇ, ನೀರಿದ್ದಂಗಿದೆ!” ಮೇಷ್ಟ್ರು ಕಾರಿನ ಪುಸ್ತಕ ಬಿಡಿಸಿ ಅಕ್ಷರವನ್ನೂ ಅಂಕಿಯನ್ನೂ ಡಬ್ಬಿಗೆ ತಾಳೆ ನೋಡಿ, ಕೆಳಗಿನ ಸಣ್ಣ ಅಕ್ಷರವನ್ನೂ ಓದಿ, “ಸುರಿ” ಎಂದರು. ಅವನು ಒಲ್ಲದ ಮನಸ್ಸಿನಿಂದ ಸುರಿದ. ಅವನಿಗೆ ಇವತ್ತಿಗೂ ನಂಬಿಕೆ ಬಂದಿಲ್ಲ.

ಟೈಲರಮ್ಮ ಸೀಟಿನಲ್ಲಿ ಕೂತು ಕನ್ನಡಿ ಸರಿ ಮಾಡಿಕೊಂಡರು. ಮೇಷ್ಟ್ರು ಹೊರಗೇ ನಿಂತಿದ್ದರು. “ನಾನು ಬರಲೋ, ಬೇಡವೋ?”

“ಎಣ್ಣೆ ಆರಿಸಿದವರು ಮನೇಲಿ ಕೂರೋದು, ನಾನು ಬೆಟ್ಟದ ಮೇಲೆ ಪರೀಕ್ಷೆ ಬರೆಯೋದಾ? ಹತ್ತಿ ಸುಮ್ನೆ.”

ಹತ್ತಿದರು. ಬಯಲು ಮುಗಿದು ಏರು ಶುರುವಾಯಿತು. ಮೇಷ್ಟ್ರು ಸೀಟಿನ ತುದಿಯಲ್ಲಿ ಕೂತು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟರು. ಆಯಿಲ್ಲಿನ ದೀಪ ಹತ್ತಿತೇ ಎಂದು ನೋಡಿದರು. ಹತ್ತಿರಲಿಲ್ಲ. ಮೊದಲ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಟೈಲರಮ್ಮ ಗೇರ್ ಇಳಿಸಿ, ಅಂಚಿಗೆ ಸರಿದು, ಬಸ್ಸಿಗೆ ದಾರಿ ಕೊಟ್ಟು, ಮತ್ತೆ ಮೇಲಕ್ಕೆ ಎಳೆದರು. ಕಾರು ಗುನುಗುತ್ತಾ ಹತ್ತಿತು. ಮೇಷ್ಟ್ರು ಮೆಲ್ಲಗೆ ಹಿಂದಕ್ಕೆ ಒರಗಿದರು. ಕಿಟಕಿಯಿಂದ ತಂಪು ಗಾಳಿ ಬರುತ್ತಿತ್ತು. ಹಿಂದಿನ ದಿನದ ಗಾಬರಿಗೆ ಮೈಯೆಲ್ಲ ಸೋತಿತ್ತು. ಹೆಂಡತಿಯ ಕೈ ಸ್ಟೀರಿಂಗಿನ ಮೇಲೆ ನಿಧಾನವಾಗಿ ಆ ಕಡೆ ಈ ಕಡೆ ಸರಿಯುವುದು ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ.

ಎಚ್ಚರವಾದಾಗ ಕಾರು ನಿಂತಿತ್ತು. ಕತ್ತು ನೋಯುತ್ತಿತ್ತು. ಅವರು ಕಣ್ಣು ತೆರೆಯುವ ಮೊದಲೇ ಕಿಟಕಿಯ ಹತ್ತಿರ ಅತ್ತಿಗೆಯ ದನಿ ಕೇಳಿತು.

“ಏನೇ ಇದು, ಗೊರಕೆ ಸದ್ದು? ನಿನ್ನ ಗಂಡ ಮಲಗಿದ್ದಾರಾ? ಆ ತಿರುವುಗಳಲ್ಲಿ ಬಸ್ಸಿನ ಕಂಡಕ್ಟರೇ ಕಂಬಿ ಬಿಡಲ್ಲ ಕಣೇ!”

“ಶ್, ಮೆಲ್ಲಗೆ. ಮೊದಲನೇ ತಿರುವಲ್ಲಿ ಮಲಗಿದವರು ಅಕ್ಕ, ಎದ್ದೇ ಇಲ್ಲ! ಎಚ್ಚರ ಆಗಬಾರದು ಅಂತ ಒಂದೊಂದು ರೋಡ್ ಹಂಪ್‌ಗೂ ಎಷ್ಟು ಮೆತ್ತಗೆ ಹತ್ತಿಸಿ ಇಳಿಸಿದೆ ಗೊತ್ತಾ? ಅಷ್ಟೂ ಬೆಟ್ಟ ನಾನೊಬ್ಬಳೇ ಹತ್ತಿಸಿದೆ. ಕೇಳು, ಅರ್ಧ ದಾರೀಲಿ ಒಂದು ಲಾರಿ ಸಿಕ್ಕಿತು...”

ಹೆಂಡತಿಯ ದನಿಯಲ್ಲಿ ಅಂಥ ಹೆಮ್ಮೆಯನ್ನು ಮೇಷ್ಟ್ರು ಕೇಳಿರಲಿಲ್ಲ. ಗಂಟಲು ಒಣಗಿತ್ತು, ನೀರು ಬೇಕಿತ್ತು. ಕಾರು ಒಂದಿಷ್ಟು ಓರೆಯಾಗಿ ನಿಂತಿದೆ ಎಂಬುದೂ ಕೂತಲ್ಲಿಂದಲೇ ಗೊತ್ತಾಗುತ್ತಿತ್ತು. ಲಾರಿಯ ಕಥೆ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಮೇಷ್ಟ್ರು ಕಣ್ಣು ಬಿಡದೆ, ತಲೆಯನ್ನು ಇನ್ನೊಂದಿಷ್ಟು ವಾಲಿಸಿ, ಸಣ್ಣಗೆ ಗೊರಕೆ ಹೊಡೆಯತೊಡಗಿದರು.